ಬಾಲ ಕತ್ತರಿಸಿದರೂ ಸಾಯದ ಸಂಖ್ಯೆ

ಎಂಟನೆಯ ಬೆರಳನ್ನು ಹುಡುಕಬೇಕಾದ ಪ್ರಮೇಯ ಬರಲಿಲ್ಲ. ಅದು ಬೀಗದಜ್ಜನ ಕೈಯಲ್ಲೇ ಇತ್ತು.

ಉಳಿದ ಏಳು ಬೆರಳುಗಳು ತಗಡು ಕತ್ತರಿಸುವ ಯಂತ್ರದ ಕೆಳಗಿನ ತಟ್ಟೆಯಲ್ಲಿ, ಕಬ್ಬಿಣದ ಚೂರುಗಳ ನಡುವೆ ಬಿದ್ದಿದ್ದವು. ಯಂತ್ರದ ಹಸಿರು ಮೈಮೇಲೆ ಸೀಮೆಸುಣ್ಣದಲ್ಲಿ ಏಳು ಅಂಕಿ ಬರೆದಿತ್ತು: 7 3 9 3 9 1 3. ಬೆರಳಿಗೊಂದು ಅಂಕಿ. ಎಂಟನೆಯದಕ್ಕೆಂದು ಎಳೆದ ಗೆರೆ ಮಾತ್ರ ಖಾಲಿ ಉಳಿದಿತ್ತು. ಅದು ತುಂಬುವ ಮೊದಲೇ ಅಜ್ಜನ ಎದೆಬಡಿತ ನಿಂತುಹೋಗಿತ್ತು.

ಇನ್‌ಸ್ಪೆಕ್ಟರಮ್ಮ ಶವದ ಮೇಲೆ ಬಟ್ಟೆ ಎಳೆದಳು. ಗಂಟೆ ಹನ್ನೊಂದೂಕಾಲು.

"ಇನ್ನೆಷ್ಟು ಹೊತ್ತು ಇದೆ?" ಎಂದು ಕೇಳಿದಳು.

"ಮುಕ್ಕಾಲು ಗಂಟೆಯ ಗಾಳಿ. ಹೆಚ್ಚೆಂದ್ರೆ," ಎಂದಳು ಹಲ್ಲಕ್ಕ.

ಬೀಗದಜ್ಜನ ತಿಜೋರಿ ಕಾರ್ಖಾನೆಯ ನಡುವೆ ಆಳೆತ್ತರದ ಒಂದು ತಿಜೋರಿ ನಿಂತಿತ್ತು. ಒಳಗಿನ ಹಲಗೆಗಳನ್ನು ಇನ್ನೂ ಕೂರಿಸಿರಲಿಲ್ಲ. ಬಾಗಿಲ ಬುಡದಲ್ಲಿ ಹೆಂಗಸಿನ ಒಂಟಿ ಚಪ್ಪಲಿ. ಅದರ ಜೊತೆಯದು ತಿಜೋರಿಯ ಒಳಗಿತ್ತು, ಅದನ್ನು ತೊಟ್ಟಿದ್ದ ಬೀಗದಜ್ಜನ ಮಗಳೂ ಒಳಗಿದ್ದಳು.

ಬೆಳಿಗ್ಗೆ ಎಂಟಕ್ಕೆ ಅವಳು ಯಾವ ತಿಜೋರಿ ಯಾರಿಗೆ ಹೋಯಿತೆಂದು ತಾನೇ ಬರೆದಿಡುತ್ತಿದ್ದ ಪುಸ್ತಕ ಹಿಡಿದು ಅಪ್ಪನ ಹತ್ತಿರ ಓಡಿ ಬಂದಿದ್ದಳು. ಐದು ವಾರದಲ್ಲಿ ಈ ಕಾರ್ಖಾನೆಯ ಮೂರು ತಿಜೋರಿಗಳು ಒಂದು ಗೀರೂ ಬೀಳದೆ ತೆರೆದುಕೊಂಡಿದ್ದವು, ಮೂರು ಕಡೆಯೂ ಕಾವಲುಗಾರನ ಕತ್ತು ಸೀಳಿತ್ತು. ನಂಬರು ಮಾರಿದವನು ಯಾರೆಂಬುದು ಅವಳಿಗೆ ಆ ಪುಸ್ತಕದಲ್ಲಿ ಸಿಕ್ಕಿತ್ತು. ಅವಳ ಹಿಂದೆಯೇ ಸುತ್ತಿಗೆ ಎಂಬ ಬಾಡಿಗೆ ಕೊಲೆಗಾರ ಒಳನುಗ್ಗಿದ. ಓಡಲು ದಾರಿ ಇರಲಿಲ್ಲ. ಮಗಳು ತಿಜೋರಿಯೊಳಗೆ ಹೊಕ್ಕು ಬಾಗಿಲು ಎಳೆದುಕೊಂಡಳು, ಚಿಲಕ ತಾನೇ ಬಿತ್ತು.

ಅವಳನ್ನು ಹೊರಗೆಳೆದು ಕೊಲ್ಲಲು ಸುತ್ತಿಗೆಗೆ ಎಂಟು ಅಂಕಿ ಬೇಕಿತ್ತು. ಅವು ಗೊತ್ತಿದ್ದದ್ದು ಅಪ್ಪನಿಗೊಬ್ಬನಿಗೆ. ಏಳು ಬೆರಳು ಹೋದವು. ಎಂಟನೆಯ ಅಂಕಿಯನ್ನು ಅಪ್ಪ ಕೊಡಲಿಲ್ಲ.

"ಗ್ಯಾಸ್ ಕಟರ್ ಹಿಡಿಸಲಾ?" ಎಂದ ಜೊತೆಯ ಕಾನ್‌ಸ್ಟೇಬಲ್.

"ಹಿಡ್ಸಪ್ಪಾ. ಒಳಗಿರೋಳು ಬೆಂದು ಹೋಗ್ಲಿ," ಎಂದಳು ಹಲ್ಲಕ್ಕ. "ಕೊರೀತೀಯಾ? ಕೊರಿ. ಯಜಮಾನ್ರು ಮಾಡಿದ ಉಕ್ಕು. ಎಂಟು ಗಂಟೆ ಬೇಕು."

ಮೂವತ್ತು ವರ್ಷದಿಂದ ಹಲ್ಲಕ್ಕ ಇಲ್ಲಿ ಚಕ್ರಗಳಿಗೆ ಹಲ್ಲು ಕತ್ತರಿಸುತ್ತಿದ್ದಳು. ಲಕ್ಷ ಹಲ್ಲು ಕತ್ತರಿಸಿರಬಹುದು, ಅವಳ ಬಾಯಲ್ಲಿ ಉಳಿದಿದ್ದವು ಮೂರೇ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಯಾರೂ ಹೇಳುವ ಮುಂಚೆ ತಾನೇ ಹೇಳಿ ನಗುವ ಹೆಂಗಸು. ಇವತ್ತು ನಗಲಿಲ್ಲ. ಬೆಳಿಗ್ಗೆಯಿಂದ ಕಣ್ಣೊರೆಸಿಕೊಂಡೂ ಇರಲಿಲ್ಲ.

ಅವಳು ಒಂದು ಉಕ್ಕಿನ ಸರಳನ್ನು ತಿಜೋರಿಗೆ ಒತ್ತಿ, ಇನ್ನೊಂದು ತುದಿಯನ್ನು ಆ ಮೂರು ಹಲ್ಲುಗಳಲ್ಲಿ ಕಚ್ಚಿ ಹಿಡಿದಳು. ಯಂತ್ರದ ಒಳಗಿನ ಸದ್ದನ್ನು ಕೆಲಸದವರು ಕೇಳುವುದೇ ಹಾಗೆ. ದಪ್ಪ ಗೋಡೆಯ ನಡುವೆ ಮರಳು ತುಂಬಿದ್ದರಿಂದ ಮಾತು ಆಚೆಗೂ ಹೋಗದು, ಈಚೆಗೂ ಬಾರದು. ಒಳಗಿನಿಂದ ಬಡಿದರೆ ಮಾತ್ರ ಹಲ್ಲಿಗೆ ಗೊತ್ತಾಗುತ್ತದೆ.

"ಬಡೀತಿದಾಳೆ. ಆಗ ನಿಮಿಷಕ್ಕೆ ಹತ್ತು ಸಲ ಬಡೀತಿದ್ಳು, ಈಗ ಮೂರು," ಎಂದಳು ಸರಳನ್ನು ತೆಗೆದು.

ಇನ್‌ಸ್ಪೆಕ್ಟರಮ್ಮ ತಿಜೋರಿಯ ಹತ್ತಿರ ಸರಿದಳು. ಅವಳು ಬಾಗಿಲ ಮೇಲಿನ ಪುಟ್ಟ ಕಿಂಡಿಯನ್ನು ಮತ್ತೆ ನೋಡಿದಳು. ತಪ್ಪು ನಂಬರು ಎಷ್ಟು ಸಲ ಬಿತ್ತೆಂದು ಲೆಕ್ಕ ಇಡುವ ಕಿಂಡಿ ಅದು. ಅದರಲ್ಲಿ 2 ಎಂದಿತ್ತು. ಸುತ್ತಿಗೆ ಎಂಟನೆಯ ಅಂಕಿಯನ್ನು ಊಹಿಸಿ ಎರಡು ಸಲ ನೋಡಿದ್ದ. ಮೂರನೆಯದೂ ತಪ್ಪಿದರೆ ಒಳಗಿನ ಅಡ್ಡಗಂಬಿ ಬೀಳುತ್ತದೆ. ಆಮೇಲೆ ಬ್ರಹ್ಮ ಬಂದರೂ ಕೊರೆದೇ ತೆಗೆಯಬೇಕು.

ಉಳಿದದ್ದು ಒಂದೇ ಒಂದು ಸಲ.

"ಯಾವ ಎರಡು ಅಂಕಿ ಹಾಕ್ದೆಯೋ?"

ಕಂಬಕ್ಕೆ ಕೋಳ ಹಾಕಿ ಕೂರಿಸಿದ್ದ ಸುತ್ತಿಗೆ ತಲೆ ಎತ್ತಿದ. ಅವನ ದವಡೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಂಗಳದಲ್ಲಿ ಸಿಕ್ಕಿಬಿದ್ದಾಗ ಅವನು ಅಜ್ಜನ ರಕ್ತ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಕ್ಕಿದ್ದ. ಇನ್‌ಸ್ಪೆಕ್ಟರಮ್ಮ ಲಾಠಿಯ ಹಿಂಬದಿಯಿಂದ ಒಂದೇ ಏಟು ಕೊಟ್ಟಿದ್ದಳು. ಆ ಏಟಿನ ಬಗ್ಗೆ ಅವಳಿಗೆ ಆಗ ಬಹಳ ಸಮಾಧಾನವಾಗಿತ್ತು. ಈಗ ತನ್ನ ತಲೆಗೇ ಹೊಡೆದುಕೊಳ್ಳುವಂತಾಗಿತ್ತು. ಕಳಿಸಿದವನ ಹೆಸರು ಆ ಬಾಯಲ್ಲಿತ್ತು, ಬಾಯನ್ನು ಮುರಿದವಳು ಅವಳೇ.

"ಬೆರಳಲ್ಲಾದ್ರೂ ತೋರ್ಸು!"

ಸುತ್ತಿಗೆ ಹತ್ತೂ ಬೆರಳನ್ನು ಅಗಲಿಸಿ ತೋರಿಸಿ, ರಕ್ತವನ್ನು ಉಗುಳಿ ಕಣ್ಣು ಮುಚ್ಚಿದ.

ಅವಳು ಅವನ ಎದೆಗೆ ಒದ್ದಳು. ಬೂಟಿನಡಿಯಲ್ಲಿ ಏನೋ ಲಟಕ್ಕೆಂದಿತು. ಇನ್ನೊಮ್ಮೆ ಒದೆಯಲು ಕಾಲೆತ್ತಿದಾಗ ಸೊಂಟದ ವಾಕಿಟಾಕಿ ಗೊರಗುಟ್ಟಿತು.

"ಅಮ್ಮಾವ್ರೇ, ಜೀವಂತ ಇದೀರಾ?" ಠಾಣೆಯಲ್ಲಿ ಉಳಿದಿದ್ದ ಮುದಿ ಕಾನ್‌ಸ್ಟೇಬಲ್‌ನ ದನಿ. ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು. ಬರುವ ತಿಂಗಳು ಅವನಿಗೆ ನಿವೃತ್ತಿ. "ಬಂದೂಕು ಒರೆಸೋಣ ಅಂತ ಕೂತೆ. ಆಯುಧದ ಕೋಣೆ ಬೀಗ ತೆಗೀತಾನೇ ಇಲ್ಲ!"

"ನಂಬರ್ ಬದಲಾಯ್ಸಿದೀನಿ ತಾತ. ನಿನ್ನೆ ಸಂಜೆ."

"ಎರಡು ವರ್ಷದಿಂದ ಇದ್ದ ನಂಬರ್ರು! ಈ ಮುದುಕನಿಗೂ ಒಂದು ಮಾತು ಹೇಳ್ಬಾರದಾ?"

"ಈ ಕಾರ್ಖಾನೆ ಬೀಗಗಳ ಮೇಲೆ ನನಗೆ ನಂಬಿಕೆ ಹೋಗಿದೆ. ಯಾರಿಗೂ ಹೇಳಿಲ್ಲ. ಬಂದು ಹೇಳ್ತೀನಿ."

"ಬನ್ನಿ ಬನ್ನಿ. ಠಾಣೆಲಿ ನಾನು, ನನ್ನ ಮಂಡಿ ನೋವು, ಇಬ್ರೇ ಇದೀವಿ," ಎಂದು ತಾತ ನಕ್ಕು ಮಾತು ಮುಗಿಸಿದ.

ಅಷ್ಟು ಹೊತ್ತಿಗೆ ಅಳಿಯ ಮೇಷ್ಟ್ರು ಬಂದರು.

ಬೀಗದಜ್ಜನ ಅಳಿಯ, ಒಳಗೆ ಉಸಿರುಗಟ್ಟುತ್ತಿದ್ದವಳ ಗಂಡ. ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಪಾಠದ ನಡುವಿನಿಂದ ಕರೆಸಿದ್ದರಿಂದ ತೋಳಿನ ಮೇಲೆ ಇನ್ನೂ ಸೀಮೆಸುಣ್ಣದ ಪುಡಿಯಿತ್ತು. ಬಂದವರೇ ಶವದ ಪಕ್ಕ ಕುಸಿದು "ಮಾವಾ" ಎಂದು ಅತ್ತರು. ತಿಜೋರಿಯ ಬಾಗಿಲಿಗೆ ಹಣೆ ಚಚ್ಚಿಕೊಂಡರು. ಕಾನ್‌ಸ್ಟೇಬಲ್ ಹಿಡಿದು ನಿಲ್ಲಿಸಬೇಕಾಯಿತು.

ಇನ್‌ಸ್ಪೆಕ್ಟರಮ್ಮ ಅವರಿಗೆ ನೀರು ಕೊಟ್ಟಳು. ಆದರೂ ಒಂದು ಸಣ್ಣ ವಿಷಯ ಅವಳ ತಲೆಯೊಳಗೆ ಕಲ್ಲಿನ ಹಾಗೆ ಕೂತಿತು. ಬೆಳಿಗ್ಗೆಯಿಂದ ಈ ಕಟ್ಟಡದೊಳಗೆ ಬಂದ ಪ್ರತಿಯೊಬ್ಬರೂ ಮೊದಲು ನೋಡಿದ್ದು ಕಂಬಕ್ಕೆ ಕಟ್ಟಿದ್ದವನನ್ನು. ಹಲ್ಲಕ್ಕ ಅವನ ಮುಖಕ್ಕೆ ಉಗಿದಿದ್ದಳು, ಆಂಬುಲೆನ್ಸಿನವನು ಬೈದಿದ್ದ. ಮೇಷ್ಟ್ರು ಮಾತ್ರ ಅತ್ತ ತಿರುಗಲೇ ಇಲ್ಲ, ಅವನು ಯಾರೆಂದೂ ಕೇಳಲಿಲ್ಲ.

ದುಃಖದಲ್ಲಿರುವವರು, ಎಂದುಕೊಂಡಳು.

"ಮೇಷ್ಟ್ರೇ, ಅಳೋಕೆ ಆಮೇಲೆ ಹೊತ್ತಿದೆ. ನಾನು ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದೋಳು. ಇದನ್ನ ನೀವೇ ಬಿಡಿಸ್ಬೇಕು." ಅವಳು ಯಂತ್ರದ ಮೇಲಿನ ಏಳು ಅಂಕಿ ತೋರಿಸಿದಳು. "ಎಂಟನೇದು ಯಾವುದು? ಒಂದೇ ಚಾನ್ಸು."

ಮೇಷ್ಟ್ರು ಕಣ್ಣೊರೆಸಿಕೊಂಡು ಅಂಕಿಗಳನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಅಳು ಎಲ್ಲೋ ಹೋಯಿತು.

"ಮಾವ ಬೀಗಕ್ಕೆ ಇಡ್ತಿದ್ದದ್ದು ಬರೀ ಅವಿಭಾಜ್ಯ ಸಂಖ್ಯೆ," ಎಂದರು. "ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಸರಿಯಾಗಿ ಭಾಗ ಆಗದ ಸಂಖ್ಯೆ."

"ಗೊತ್ತು, ಗೊತ್ತು," ಎಂದಳು ಹಲ್ಲಕ್ಕ. "ಚಕ್ರಕ್ಕೂ ಹಾಗೇ ಹಲ್ಲು ಹಾಕ್ಸೋರು. ಅದೇ ಎರಡು ಹಲ್ಲು ಮತ್ತೆ ಮತ್ತೆ ಎದುರಾದ್ರೆ ಬೇಗ ಸವೀತವೆ ಅನ್ನೋರು. ಮನುಷ್ಯರೂ ಅಷ್ಟೇ ಅನ್ನೋರು."

"ಆದ್ರೆ ಅಜ್ಜ ಈ ಏಳನ್ನ ನಿಜವಾಗಿ ಹೇಳಿದ್ರು ಅಂತ ಏನು ಗ್ಯಾರಂಟಿ?" ಇನ್‌ಸ್ಪೆಕ್ಟರಮ್ಮ ಕೇಳಿದಳು. "ಬೆರಳು ಕತ್ತರಿಸ್ತಿದ್ರೆ ಬಾಯಿಗೆ ಬಂದದ್ದು ಹೇಳಿರಬಹುದು."

ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡು ಒಂದು ಉಕ್ಕಿನ ತಗಡಿನ ಮೇಲೆ ಸಂಖ್ಯೆಯನ್ನು ಬರೆದರು. ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಅಂಗೈಯಿಂದ ಒರೆಸುತ್ತ ಹೋದರು.

"7393913. ಅವಿಭಾಜ್ಯ. ಬಾಲ ಕತ್ತರಿಸಿ, 739391. ಇದೂ ಅವಿಭಾಜ್ಯ. 73939, ಇದೂನು. 7393. 739. 73. ಕೊನೆಗೆ ಬರೀ 7. ಎಷ್ಟು ಸಲ ಬಾಲ ಕತ್ತರಿಸಿದ್ರೂ ಸಾಯಲ್ಲ ಇದು. ಇಂಥವು ಎಂಟಂಕಿಯಲ್ಲಿ ಇರೋದು ಐದೇ ಐದು. ಒಂಬತ್ತಂಕಿಯಲ್ಲಿ ಒಂದೂ ಇಲ್ಲ. ಆ ಐದರಲ್ಲೂ ಎಲ್ಲಕ್ಕಿಂತ ದೊಡ್ಡದು ಇದೇ. ಬಾಯಿಗೆ ಬಂದ ಸುಳ್ಳು ಇಷ್ಟು ನೆಟ್ಟಗಿರಲ್ಲ. ಮಾವ ನಿಜಾನೇ ಹೇಳಿದಾರೆ."

ಹಲ್ಲಕ್ಕನ ಗಂಟಲಿನಿಂದ ಒಂದು ಸದ್ದು ಬಂತು. ಬೆರಳು ಹೋದರೂ ಅಜ್ಜ ನಿಜವನ್ನೇ ಹೇಳುತ್ತ ಬಂದಿದ್ದರು, ಹಿಂದೆ ಬರುವವರಲ್ಲಿ ತಿಳಿದವರು ಯಾರಾದರೂ ಅದನ್ನು ಮುಗಿಸಲಿ ಎಂದು. ಕೊಂದವನಿಗೆ ಮುಗಿಸಲು ಬಾರದು ಎಂದು ಅವರಿಗೆ ಗೊತ್ತಿತ್ತು. ಮಗಳಿಗಾಗಿ ಅಪ್ಪ ಮಾಡಿದ ಲೆಕ್ಕ ಅದು. ಇನ್‌ಸ್ಪೆಕ್ಟರಮ್ಮ ಬಟ್ಟೆ ಮುಚ್ಚಿದ ದೇಹವನ್ನು ನೋಡಿದಳು, ಅವಳ ಕಣ್ಣು ತುಂಬಿತು.

"ಎಂಟನೇದು?"

"ಸಮಸಂಖ್ಯೆ ಆಗಲ್ಲ, ಐದೂ ಆಗಲ್ಲ. ಉಳಿದದ್ದು ಒಂದು, ಮೂರು, ಏಳು, ಒಂಬತ್ತು. ಈ ಏಳಂಕಿ ಕೂಡಿದ್ರೆ ಮೂವತ್ತೈದು. ಒಂದು ಸೇರಿದ್ರೆ ಮೂವತ್ತಾರು, ಏಳು ಸೇರಿದ್ರೆ ನಲವತ್ತೆರಡು. ಎರಡನ್ನೂ ಮೂರು ತಿನ್ನುತ್ತೆ. ಅವು ಹೋದ್ವು."

"ಹಾಗಾದ್ರೆ ಮೂರೋ, ಒಂಬತ್ತೋ."

"ಒಂಬತ್ತು," ಎಂದರು ಮೇಷ್ಟ್ರು. ಒಂದು ಕ್ಷಣವೂ ತಡೆಯಲಿಲ್ಲ.

"ಮೂರು ಯಾಕಲ್ಲ?"

"ಅದು ಒಂದು ದೊಡ್ಡ ಸಂಖ್ಯೆಯಿಂದ ಒಡೆಯುತ್ತಮ್ಮ. ವಿವರಿಸ್ತಾ ಕೂತ್ರೆ ಒಳಗೆ ನನ್ನ ಹೆಂಡ್ತಿ ಸಾಯ್ತಾಳೆ. ನಾನೇ ಕೂರಿಸ್ತೀನಿ, ಸರೀರಿ." ಅವರು ತಿಜೋರಿಯ ಮುಂದೆ ಮಂಡಿಯೂರಿ ತಿರುಗುಗುಂಡಿಗೆ ಕೈ ಹಾಕಿದರು. 7. 3. 9.

"ಜರಡಿ ಹಿಡೀದೆ ಬೀಗಕ್ಕೆ ಅಂಕಿ ಹೋಗಲ್ಲ," ಎಂದಳು ಹಲ್ಲಕ್ಕ. "ಯಜಮಾನ್ರ ಕಟ್ಟಪ್ಪಣೆ."

ಮೂಲೆಯ ಬೆಂಚಿನ ಮೇಲೆ ಎಣ್ಣೆ ಬಟ್ಟೆ ಹೊದ್ದ ಒಂದು ಯಂತ್ರವಿತ್ತು. ಕಾರ್ಖಾನೆಯವರು ಅದನ್ನು ಜರಡಿ ಎನ್ನುತ್ತಿದ್ದರು. ಒಂದೇ ಅಚ್ಚಿನ ಮೇಲೆ ಸಾಲಾಗಿ ಹಿತ್ತಾಳೆ ಚಕ್ರಗಳು, ಮೂರು ಹಲ್ಲಿನದು, ಐದು ಹಲ್ಲಿನದು, ಏಳರದು, ಹನ್ನೊಂದರದು, ಹಾಗೇ ಮುಂದಕ್ಕೆ. ಪ್ರತಿಯೊಂದರಲ್ಲೂ ಒಂದು ಹಲ್ಲಿಗೆ ಕೆಂಪು ಬಣ್ಣ. ಎಂಟಂಕಿ ಕೂರಿಸಿ ಹಿಡಿ ತಿರುಗಿಸಿದರೆ ಪ್ರತಿ ಚಕ್ರವೂ ತನ್ನ ಪಾಲಿನ ಶೇಷಕ್ಕೆ ಬಂದು ನಿಲ್ಲುತ್ತದೆ. ಯಾವುದಾದರೂ ಚಕ್ರದ ಕೆಂಪು ಹಲ್ಲು ಮೇಲೆ ಬಂದರೆ ಆ ಚಕ್ರ ಸಂಖ್ಯೆಯನ್ನು ತಿಂದಿತು ಎಂದರ್ಥ. ಓದು ಬಾರದವರೂ ನೋಡಿ ಹೇಳಬಹುದು.

"ಸಮಯ ಇಲ್ಲ ಹಲ್ಲಕ್ಕ!" ಕಾನ್‌ಸ್ಟೇಬಲ್ ಗದರಿದ.

ಮೇಷ್ಟ್ರು ತಿರುಗಿ ನೋಡಿ ನಕ್ಕರು. "ಹಿಡೀಲಿ ಬಿಡಿ. ಮಾವನ ಆಟಿಕೆ. ಅವರ ಸಮಾಧಾನಕ್ಕಾದ್ರೂ ಆಗ್ಲಿ."

ಆ ನಗು ಇನ್‌ಸ್ಪೆಕ್ಟರಮ್ಮನಿಗೆ ಹಿಡಿಸಲಿಲ್ಲ. ಹೆಂಡತಿ ಸಾಯುತ್ತಾಳೆ ಎಂದು ಈಗ ತಾನೆ ಕೂಗಿದವನಿಗೆ ನಗಲು ಪುರುಸೊತ್ತು ಹೇಗೆ ಬಂತು?

ಹಲ್ಲಕ್ಕ 73939139 ಕೂರಿಸಿ ಹಿಡಿ ತಿರುಗಿಸಿದಳು. ಚಕ್ರಗಳು ಗರಗರನೆ ಸುತ್ತಿ ಒಂದೊಂದಾಗಿ ನಿಂತವು. ಮೂರರದು ಬಿಳಿ. ಐದರದು ಬಿಳಿ. ಏಳು, ಹನ್ನೊಂದು, ಹದಿಮೂರು, ಎಲ್ಲವೂ ಬಿಳಿ. ಅವಳು ಬೆರಳಿಟ್ಟು ಮುಟ್ಟಿ ಮುಟ್ಟಿ ನೋಡುತ್ತ ಎಪ್ಪತ್ತೊಂಬತ್ತರವರೆಗೆ ಬಂದಳು.

"ಬಿಳಿ," ಎಂದಳು.

"ಹೇಳಲಿಲ್ವಾ?" ಎಂದರು ಮೇಷ್ಟ್ರು ತಿರುಗದೆ. ಅವರು ಏಳನೆಯ ಅಂಕಿ ಕೂರಿಸುತ್ತಿದ್ದರು.

"ಇನ್ನೂ ಮೂರಿದಾವೆ."

ತಿರುಗುಗುಂಡಿಯ ಮೇಲಿನ ಕೈ ನಿಂತಿತು. "ಇನ್ನೆಲ್ಲಿ? ಜರಡಿ ಎಪ್ಪತ್ತೊಂಬತ್ತಕ್ಕೆ ಮುಗೀತು."

"ಮುಗೀತಿತ್ತು. ತಿಜೋರಿಗಳು ಬಾಯಿ ಬಿಟ್ಟಮೇಲೆ ಯಜಮಾನ್ರಿಗೆ ಯಾರ ಮೇಲೂ ನಂಬಿಕೆ ಹೋಯ್ತು. ಹೋದ ತಿಂಗಳು ಇನ್ನು ಮೂರು ಚಕ್ರ ಮಾಡ್ಸಿದ್ರು. ನಾನೇ ಹಲ್ಲು ಕತ್ತರಿಸ್ದೆ." ಹಲ್ಲಕ್ಕ ಬೆರಳನ್ನು ಮುಂದಕ್ಕೆ ಸರಿಸಿದಳು. ಎಂಬತ್ತಮೂರರ ಚಕ್ರಕ್ಕೆ ಬಂದು ನಿಂತಳು. "ಅಮ್ಮಾ."

ಕೆಂಪು ಹಲ್ಲು ನೆಟ್ಟಗೆ ಮೇಲಿತ್ತು.

ಮೇಷ್ಟ್ರು, "ಹೊಸ ಚಕ್ರ. ಹಲ್ಲು ಹೆಚ್ಚುಕಮ್ಮಿ ಆಗಿರುತ್ತೆ," ಎಂದರು.

"ನನ್ನ ಹಲ್ಲು ಹೆಚ್ಚುಕಮ್ಮಿ ಆಗಲ್ಲ," ಎಂದಳು ಹಲ್ಲಕ್ಕ.

ಇನ್‌ಸ್ಪೆಕ್ಟರಮ್ಮ ಸೀಮೆಸುಣ್ಣವನ್ನು ಮೇಷ್ಟ್ರ ಕೈಗೆ ತುರುಕಿದಳು. "ಭಾಗಿಸಿ. ಎಂಬತ್ತಮೂರರಿಂದ."

"ಏನಮ್ಮಾ ಇದು, ಅಲ್ಲಿ ಅವಳು..."

"ಭಾಗಿಸ್ರೀ!"

ಮೇಷ್ಟ್ರು ತಗಡಿನ ಮೇಲೆ ಬರೆಯತೊಡಗಿದರು. ಎಂಟು, ಒಂಬತ್ತು, ಸೊನ್ನೆ, ಎಂಟು. ಸುಳ್ಳು ಶೇಷ ಬರೆದು ಮುಗಿಸಬಹುದಿತ್ತು. ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದವಳಿಗೆ ಏನು ಗೊತ್ತಾಗುತ್ತಿತ್ತು? ಆದರೆ ಇಪ್ಪತ್ತು ವರ್ಷ ಹಲಗೆಯ ಮುಂದೆ ನಿಂತ ಕೈ ಅದು. ನಾಲಿಗೆ ಹೇಳಿದ ಸುಳ್ಳನ್ನು ಕೈ ಬರೆಯಲೊಪ್ಪಲಿಲ್ಲ. ಮೂರು. ಕೊನೆಗೆ 249 ಉಳಿಯಿತು. ಅಲ್ಲಿ ಸೀಮೆಸುಣ್ಣ ನಿಂತುಬಿಟ್ಟಿತು.

"ಎಂಬತ್ತಮೂರು ಮೂರ್ಲಿ?" ಇನ್‌ಸ್ಪೆಕ್ಟರಮ್ಮ ಕೇಳಿದಳು.

ಮೇಷ್ಟ್ರು ಸೀಮೆಸುಣ್ಣವನ್ನು ಬೆಂಚಿನ ಮೇಲಿಟ್ಟರು.

"ಇನ್ನೂರ ನಲವತ್ತೊಂಬತ್ತು. ಇಷ್ಟು ನನಗೂ ಬರುತ್ತೆ ಮೇಷ್ಟ್ರೇ. ಶೇಷ ಸೊನ್ನೆ. ಎಂಬತ್ತಮೂರು ತಿನ್ನುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಜರಡಿ ಎಪ್ಪತ್ತೊಂಬತ್ತಕ್ಕೆ ಮುಗಿಯುತ್ತೆ ಅಂತ್ಲೂ ಗೊತ್ತಿತ್ತು. ಅದಕ್ಕೇ ಹಿಡೀಲಿ ಬಿಡಿ ಅಂದ್ರಿ." ಅವಳು ಒಂದು ಹೆಜ್ಜೆ ಮುಂದಿಟ್ಟಳು. "ಮೂರನೇ ಚಾನ್ಸೂ ಹಾಳಾಗ್ಬೇಕು. ಅಡ್ಡಗಂಬಿ ಬೀಳ್ಬೇಕು. ಪುಸ್ತಕದ ಜೊತೆ ಹೆಂಡ್ತೀನೂ ಒಳಗೇ ಮುಗೀಬೇಕು. ಅಲ್ವಾ?"

ಕಂಬದ ಹತ್ತಿರದಿಂದ ಒಂದು ಗೊರಗೊರ ಸದ್ದು ಬಂತು. ಮುರಿದ ದವಡೆಯಲ್ಲಿ ಸುತ್ತಿಗೆ ನಗುತ್ತಿದ್ದ.

ಮೇಷ್ಟ್ರು ಬೆಂಚಿನ ಮೇಲಿದ್ದ ಕಬ್ಬಿಣ ಉಜ್ಜುವ ಚೂಪು ಅರವನ್ನು ಎತ್ತಿ ಅವಳ ಭುಜಕ್ಕೆ ಇರಿದರು.

ನೋವು ಆಮೇಲೆ ಬಂತು. ಮೊದಲು ಬಂದದ್ದು ಆಶ್ಚರ್ಯ. ಕಬ್ಬಿಣ ಮೂಳೆಗೆ ಕೆರೆದು ಮಾಂಸದಲ್ಲಿ ಕೂತಿತು. ಅಡ್ಡ ಬಂದ ಕಾನ್‌ಸ್ಟೇಬಲ್‌ನ ಮುಖಕ್ಕೆ ಮೊಣಕೈ ಬಿತ್ತು, ಅವನು ಮೂಗು ಹಿಡಿದು ಕುಸಿದ. ಮೇಷ್ಟ್ರು ತಿಜೋರಿಯ ಕಡೆಗೆ ಹಾರಿದರು. ಏಳು ಅಂಕಿ ಕೂತಾಗಿತ್ತು. ಅವರು ಗುಂಡಿಯನ್ನು ಒಂಬತ್ತಕ್ಕೆ ತಿರುಗಿಸಿ ಹಿಡಿಗೆ ಕೈ ಹಾಕಿದರು. ಹಿಡಿ ಒತ್ತಿದರೆ ಮುಗಿಯಿತು.

ಇನ್‌ಸ್ಪೆಕ್ಟರಮ್ಮ ಅವರ ಕೂದಲು ಹಿಡಿದು ಹಿಂದಕ್ಕೆ ಎಳೆದಳು. ಅವರು ಹಿಡಿ ಬಿಡಲಿಲ್ಲ. ಅವಳು ಅವರ ಮುಖವನ್ನು ಉಕ್ಕಿನ ಬಾಗಿಲಿಗೆ ಅಪ್ಪಳಿಸಿದಳು, ಒಮ್ಮೆ, ಎರಡು ಸಲ. ಹಲ್ಲೊಂದು ಸಿಡಿಯಿತು. ಅವರು ಹಿಂದಕ್ಕೆ ಒದ್ದರು, ಅವಳ ಭುಜದಲ್ಲಿದ್ದ ಅರವನ್ನು ಹಿಡಿದು ತಿರುವಿದರು. ಅವಳು ಕಿರುಚಿದಳು. ಕಣ್ಣು ಕತ್ತಲೆ ಬಂತು. ಹಿಡಿ ಕಾಲಂಗುಲ ಇಳಿಯಿತು.

ಎರಡು ಕೈಯಲ್ಲಿ ಎತ್ತಿದ ಉಕ್ಕಿನ ಚಕ್ರವೊಂದನ್ನು ಹಲ್ಲಕ್ಕ ಮೇಷ್ಟ್ರ ಮೊಣಕೈ ಮೇಲೆ ಹಾಕಿದಳು.

ಹಸಿ ಕಟ್ಟಿಗೆ ಮುರಿದ ಸದ್ದು. ಕೈ ಬಾಗಬಾರದ ಕಡೆಗೆ ಮಡಚಿಕೊಂಡಿತು, ಬೆರಳುಗಳು ಹಿಡಿಯಿಂದ ಜಾರಿದವು. ಮೇಷ್ಟ್ರು ನೆಲಕ್ಕೆ ಬಿದ್ದು ಊಳಿಟ್ಟರು. ಹಲ್ಲಕ್ಕ ಇನ್ನೊಮ್ಮೆ ಚಕ್ರ ಎತ್ತಿದ್ದಳು, ಈ ಸಲ ತಲೆಗೆ.

"ಬೇಡ!" ಇನ್‌ಸ್ಪೆಕ್ಟರಮ್ಮ ಕೂಗಿದಳು. "ಇವನ ಬಾಯಾದ್ರೂ ನೆಟ್ಟಗಿರ್ಲಿ!"

"ನನ್ನ ಮದುವೇಲಿ ತಾಳಿ ಕೊಡಿಸಿದ್ದು ಯಜಮಾನ್ರು," ಎಂದಳು ಹಲ್ಲಕ್ಕ. "ಈ ನಾಯಿಗೆ ಮಗಳನ್ನೇ ಕೊಟ್ರು." ಚಕ್ರವನ್ನು ಪಕ್ಕಕ್ಕೆ ಎಸೆದು ಅವಳು ಸರಳನ್ನು ಕಚ್ಚಿ ತಿಜೋರಿಗೆ ಒತ್ತಿದಳು. ಬಹಳ ಹೊತ್ತು ಹಾಗೇ ನಿಂತಳು.

"ಬಡೀತಿಲ್ಲ."

ಇನ್‌ಸ್ಪೆಕ್ಟರಮ್ಮ ಗುಂಡಿಯನ್ನು ಹಿಡಿದಳು. ಬಲಗೈ ಎತ್ತಲಾಗಲಿಲ್ಲ, ಎಡಗೈ ರಕ್ತದಲ್ಲಿ ಜಾರುತ್ತಿತ್ತು.

"ಸೊನ್ನೆಗೆ ತನ್ನಿ, ಮೊದಲಿಂದ," ಎಂದಳು ಹಲ್ಲಕ್ಕ. "ನಿಧಾನ. ಅಂಕಿ ದಾಟಿಸ್ಬೇಡಿ."

7. 3. 9. 3. 9. ಪ್ರತಿ ಅಂಕಿಗೂ ಅವಳಿಗೆ ಒಂದು ಬೆರಳು ಕಾಣುತ್ತಿತ್ತು. 1. 3. ಎಂಟನೆಯದಕ್ಕೆ ಬಂದಾಗ ಕೈಯ ರಕ್ತವನ್ನು ಅಂಗಿಗೆ ಒರೆಸಿಕೊಂಡಳು. ಉಳಿದ ಎಲ್ಲ ಅಂಕಿಗಳೂ ಸತ್ತಿದ್ದವು, ಉಳಿದದ್ದು ಇದೊಂದೇ. ಆದರೂ ಮೂರು ಸಲ ಡುಮ್ಕಿ ಹೊಡೆದವಳ ಹೆದರಿಕೆ ಸುಲಭಕ್ಕೆ ಹೋಗುವಂಥದ್ದಲ್ಲ.

3.

ಅವಳು ಹಿಡಿ ಒತ್ತಿದಳು. ಒಳಗೆ ಏನೋ ಸರಿಯಿತು. ಬಾಗಿಲು ಒಂದು ಅಂಗುಲ ಸಡಿಲವಾಯಿತು.

ಹಲ್ಲಕ್ಕ ಬಾಗಿಲೆಳೆದಳು. ಮಗಳು ಮಂಡಿ ಮಡಿಚಿ ಮೂಲೆಗೆ ಒರಗಿದ್ದಳು. ತುಟಿ ನೀಲಿಗಟ್ಟಿತ್ತು, ಬಡಿದೂ ಬಡಿದೂ ಬೆರಳ ಗೆಣ್ಣು ಸುಲಿದಿತ್ತು. ಹಲ್ಲಕ್ಕ ಅವಳನ್ನು ಹೊರಗೆಳೆದು ಮಡಿಲಲ್ಲಿ ಹಾಕಿಕೊಂಡು ಕೆನ್ನೆಗೆ ಹೊಡೆದಳು. "ಉಸಿರು ಎಳಿ ಕಂದಾ. ಎಳಿಯೇ!"

ಒಂದು. ಎರಡು. ಮೂರು. ಇನ್‌ಸ್ಪೆಕ್ಟರಮ್ಮ ಎಣಿಸುತ್ತಿದ್ದಳು, ಎಣಿಸುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಏಳಕ್ಕೆ ಮಗಳ ಎದೆ ಎದ್ದಿತು. ಕೆಮ್ಮಿ, ಒದ್ದಾಡಿ, ಬಾಯಿ ತೆರೆದು ಗಾಳಿಯನ್ನು ಗಟಗಟನೆ ಕುಡಿದಳು. ಹಲ್ಲಕ್ಕ ಆಗ ಅತ್ತಳು, ಬೆಳಿಗ್ಗೆಯಿಂದ ಕಟ್ಟಿಟ್ಟದ್ದನ್ನೆಲ್ಲ ಒಟ್ಟಿಗೇ.

"ಅಪ್ಪ?" ಎಂದಳು ಮಗಳು.

ಅವಳು ಬಟ್ಟೆ ಹೊದಿಸಿದ್ದನ್ನು ನೋಡಿದಳು, ನೆಲದ ಮೇಲೆ ನರಳುತ್ತಿದ್ದ ಗಂಡನನ್ನು ನೋಡಿದಳು. ಅಳಲಿಲ್ಲ. ಎದೆಗವಚಿಕೊಂಡಿದ್ದ ಪುಸ್ತಕವನ್ನು ಇನ್‌ಸ್ಪೆಕ್ಟರಮ್ಮನ ಕಡೆಗೆ ತಳ್ಳಿದಳು.

"ಐದು ತಿಜೋರಿ," ಎಂದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಬಾಲದ ಸಂಖ್ಯೆ ಐದೇ. ಅಪ್ಪ ಅತಿ ಮುಖ್ಯವಾದ ಐದು ತಿಜೋರಿಗೆ ಮಾತ್ರ ಇಟ್ಟಿದ್ದು. ಇವರು ಲೆಕ್ಕ ಹಾಕಿ ಐದನ್ನೂ ಕಂಡುಹಿಡಿದ್ರು. ಎಲ್ಲೆಲ್ಲಿವೆ ಅಂತ ನನ್ನ ಪುಸ್ತಕ ನೋಡಿ ಕಲಿತ್ರು. ಮೂರು ಮೊದಲೇ ತೆರೆದಾಗಿದೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಈ ತಿಜೋರಿದು, ಇದಿನ್ನೂ ತಯಾರಾಗ್ತಿತ್ತು. ಆ ಸಂಖ್ಯೆ ಇದಕ್ಕೇ ಅಂತ ಇವರಿಗೆ ಗೊತ್ತಿರಲಿಲ್ಲ..."

"ಇನ್ನೊಂದು?"

"ಕೊನೇ ಸಾಲು ನೋಡಿ. ಪೆನ್ಸಿಲಲ್ಲಿ ಬರೆದದ್ದು ಇವರೇ."

ಇನ್‌ಸ್ಪೆಕ್ಟರಮ್ಮ ರಕ್ತದ ಹೆಬ್ಬೆಟ್ಟಿನಿಂದ ಹಾಳೆ ಮಗುಚಿದಳು. ನಾಲ್ಕು ಸಾಲಿನಲ್ಲಿ ಮೂರಕ್ಕೆ ಪೆನ್ಸಿಲಿನ ಸಣ್ಣ ಚುಕ್ಕೆ ಇಟ್ಟಿತ್ತು. ನಾಲ್ಕನೆಯ ಸಾಲಿನ ಮುಂದೆ ಅದೇ ಪೆನ್ಸಿಲಿನಲ್ಲಿ 59393339 ಎಂದಿತ್ತು. ಅಲ್ಲಿ ಚುಕ್ಕೆಯ ಬದಲು ಇವತ್ತಿನ ತಾರೀಖು.

ಅವಳಿಗೆ ಆ ಸಂಖ್ಯೆಯನ್ನು ಓದಬೇಕಾಗಿರಲಿಲ್ಲ, ಬೆರಳುಗಳಿಗೇ ಅದು ಗೊತ್ತಿತ್ತು. ಎರಡು ವರ್ಷ ಪ್ರತಿದಿನ ಬೆಳಿಗ್ಗೆ ಅದನ್ನೇ ತಿರುಗಿಸಿ ಪಿಸ್ತೂಲು ತೆಗೆದುಕೊಂಡಿದ್ದಳು. ಠಾಣೆಯ ಆಯುಧದ ಕೋಣೆ. ನೂರಾರು ಬಂದೂಕು. ಠಾಣೆಯವರೆಲ್ಲ ಈಗ ಈ ಕಾರ್ಖಾನೆಯ ಸುತ್ತ ನಿಂತಿದ್ದರು.

ನೆಲದ ಮೇಲಿಂದ ಮೇಷ್ಟ್ರು, ರಕ್ತ ತುಂಬಿದ ಬಾಯಲ್ಲಿ, ಗೋಡೆಯ ಗಡಿಯಾರವನ್ನು ನೋಡುತ್ತ ಹೇಳಿದರು. "ಹನ್ನೆರಡಾಯ್ತು. ನಂಬರು ಕೊಂಡೋರು ಠಾಣೆ ಒಳಗೆ ಹೋಗಿ ಕಾಲು ಗಂಟೆ ಆಯ್ತು."

"ಹೋಗ್ಲಿ," ಎಂದಳು ಇನ್‌ಸ್ಪೆಕ್ಟರಮ್ಮ. ಎದೆಯ ಭಾರ ಇಳಿದಂತಾಗಿ ನಗುವೇ ಬಂತು. "ಆ ನಂಬರಿಗೆ ಬೀಗ ತೆಗೆಯಲ್ಲ. ನಿನ್ನೆ ನಾನು ಬದಲಾಯ್ಸಿದೀನಿ. ಹೊಸದು ನನ್ನ ತಲೇಲಿ ಬಿಟ್ರೆ ಬೇರೆಲ್ಲೂ ಇಲ್ಲ."

ಮೇಷ್ಟ್ರು ಅವಳನ್ನೇ ನೋಡಿದರು. ಅವರ ಮುಖದಲ್ಲಿ ಸೋಲು ಇರಲಿಲ್ಲ. ಅಲ್ಲಿದ್ದದ್ದು ಒಂಥರಾ ಕನಿಕರ.

"ಹಾಗಂತ ಅವರಿಗೆ ಹೇಗಮ್ಮ ಗೊತ್ತಾಗ್ಬೇಕು?"

ಅವಳ ನಗು ಅರ್ಧಕ್ಕೇ ನಿಂತಿತು. ಸೊಂಟದ ವಾಕಿಟಾಕಿಯನ್ನು ಕಿತ್ತು ಬಾಯಿಗೆ ಹಿಡಿದಳು.

"ತಾತ! ತಾತ, ಹೊರಗೆ ಓಡು! ಕೇಳಿಸ್ತಾ?"

ಗೊರಗೊರ. ಆಮೇಲೆ ಯಾರೋ ಗುಂಡಿ ಒತ್ತಿದರು. ದೂರದಲ್ಲಿ ಒಬ್ಬ ಮುದುಕ ಬಿಕ್ಕುತ್ತಿದ್ದ, "ಗೊತ್ತಿಲ್ಲ ಕಣಪ್ಪಾ, ನನ್ನ ಆಣೆಗೂ ಗೊತ್ತಿಲ್ಲ, ಅಮ್ಮಾವ್ರು ಹೇಳೇ ಇಲ್ಲ," ಎನ್ನುತ್ತಿದ್ದ. ಅದಕ್ಕಿಂತ ಹತ್ತಿರದಿಂದ, ಸಮಾಧಾನದ ಒಂದು ದನಿ ಮಾತಾಡಿತು.

"ಅಮ್ಮಾವ್ರಾ? ಒಳ್ಳೇದಾಯ್ತು. ನಿಮ್ಮ ತಾತ ಭಾರೀ ಗಟ್ಟಿ. ಎರಡು ಬೆರಳು ಹೋದ್ರೂ ಮೊದಲನೇ ಅಂಕಿ ಸಹ ಹೇಳ್ತಿಲ್ಲ."